ಹವಳಕ್ಕೆ ರಾತ್ರಿ ಬೇಡವೆ?

ಬೆಳಕು ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಜ್ಞಾನವನ್ನು ನಾವು ಬೆಳಕೆನ್ನುತ್ತೇವೆ, ಅಜ್ಞಾನವನ್ನು ಕತ್ತಲೆಯೆನ್ನುತ್ತೇವೆ. ಸಂಜೆ ದೀಪ ಹಚ್ಚಿದೊಡನೆ ಕೈಮುಗಿಯುವ ಪದ್ಧತಿ ಈ ಮಹಾನಗರದ ಚಾಳಿನ ಒಂದೇ ಕೋಣೆಯ ಮನೆಗಳಲ್ಲಿಯೂ ಉಳಿದುಬಂದಿದೆ. ನಮ್ಮ ಹಿರಿಯರಲ್ಲಿ ಹಲವರು ದೀಪವನ್ನು 'ಆರಿಸು' ಎಂದು ಸಹ ಹೇಳುವುದಿಲ್ಲ. 'ಶಾಂತ ಮಾಡು' ಎನ್ನುತ್ತಾರೆ. ಇಂತಹ ಸಂಸ್ಕಾರದಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ದೀಪವನ್ನು ಹೊತ್ತಿಗೆ ಸರಿಯಾಗಿ ಆರಿಸಿರೆಂದು ಹೇಳುವುದು ಅಷ್ಟು ಹಿತವಾದ ಕೆಲಸವಲ್ಲ. ಆದರೂ ಈ ವರ್ಷದ ಸಂಚಿಕೆಯಲ್ಲಿ ಅದನ್ನೇ ಹೇಳಬೇಕಾದ ಪ್ರಸಂಗವು ವಿಜ್ಞಾನ ಸಂಘದ ಹೊಣೆ ಹೊತ್ತಿರುವ ನಮಗೆ ಒದಗಿದೆ.

ಪ್ರಸಂಗವೇನೆಂಬುದು ಶಾಲೆಯ ಎಲ್ಲರಿಗೂ ತಿಳಿದದ್ದೆ. ಜೂನಿನಲ್ಲಿ ಶಾಲೆ ತೆರೆದಾಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮೆಟ್ಟಿಲ ಪಕ್ಕದ ಮೊಗಸಾಲೆಯಲ್ಲಿ ಒಂದು ಗಾಜಿನ ತೊಟ್ಟಿಯನ್ನು ಇರಿಸಿಕೊಟ್ಟರು. ನಾಲ್ಕು ಅಡಿ ಉದ್ದದ, ಸುಮಾರು ೨೫೦ ಲೀಟರ್ ಉಪ್ಪುನೀರು ಹಿಡಿಯುವ ತೊಟ್ಟಿ ಅದು. ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನುಗಳು, ಒಂದಿಷ್ಟು ಬಂಡೆ, ಆ ಬಂಡೆಯ ಮೇಲೆ ಮೃದು ಹವಳದ ಐದು ತುಂಡುಗಳು. ನೆತ್ತಿಯ ಮೇಲೆ ೯೦ ವಾಟಿನ ಎಲ್‌ಇಡಿ ದೀಪ. ಈ ಹವಳದ ತುಂಡುಗಳು ಸಮುದ್ರದಿಂದ ಕಿತ್ತು ತಂದವುಗಳಲ್ಲ. ಅವರ ಮನೆಯ ತೊಟ್ಟಿಯಲ್ಲಿಯೇ ಒಂದರಿಂದ ಇನ್ನೊಂದಾಗಿ ಬೆಳೆದವು. ಬಂಡೆ ಕಟ್ಟುವ ಗಡುಸು ಹವಳಗಳೆಲ್ಲವೂ ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕಡಲತೀರಕ್ಕೆ ವಿಹಾರ ಹೋದಾಗ ಯಾರೂ ಹವಳವನ್ನು ಮುರಿದು ತರಬಾರದೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಕಟ್ಟಡದಲ್ಲಿ ಮೂರು ಶಾಲೆಗಳು ನಡೆಯುತ್ತವೆ. ಬೆಳಗಿನ ಪಾಳಿಯವರು ಏಳಕ್ಕೆ ಬಂದು ಹನ್ನೆರಡೂವರೆಗೆ ಹೋಗುತ್ತಾರೆ. ಮಧ್ಯಾಹ್ನದ ಪಾಳಿಯವರು ಹನ್ನೆರಡೂ ಮುಕ್ಕಾಲರಿಂದ ಆರರ ತನಕ ಇರುತ್ತಾರೆ. ಆರೂ ಮುಕ್ಕಾಲರಿಂದ ಒಂಬತ್ತೂವರೆಯ ವರೆಗೆ ರಾತ್ರಿ ಶಾಲೆ. ತೊಟ್ಟಿಯನ್ನು ಎಲ್ಲರೂ ನೋಡಲೆಂದು ನಾವು ಮುಂಜಾನೆ ಆರೂ ಮುಕ್ಕಾಲಕ್ಕೆ ದೀಪ ಹಾಕಿ ರಾತ್ರಿ ಒಂಬತ್ತೂವರೆಗೆ ಆರಿಸತೊಡಗಿದೆವು. ಲೆಕ್ಕ ಹಾಕಿದರೆ ಕಾಲು ಗಂಟೆ ಕಡಿಮೆ ಹದಿನೈದು ಗಂಟೆಗಳಾದವು. ಅದರಲ್ಲಿ ತಪ್ಪೇನಾದರೂ ಇದ್ದೀತೆಂಬ ಅನುಮಾನ ನಮಗೆ ಕನಸಿನಲ್ಲಿಯೂ ಬರಲಿಲ್ಲ.

ಮೊದಲ ವಾರ ಎಲ್ಲವೂ ಚೆನ್ನಾಗಿತ್ತು. ಎರಡನೆಯ ವಾರದಲ್ಲಿ ಗಾಜಿನ ಮೇಲೆ ಕಂದು ಬಣ್ಣದ ಪೊರೆ ಕಟ್ಟಿತು. ಒರೆಸಿದರೆ ಮರುದಿನವೇ ಮತ್ತೆ ಕಟ್ಟುತ್ತಿತ್ತು. ಮೂರನೆಯ ವಾರಕ್ಕೆ ಬಂಡೆಯ ಮೇಲೆ ಕೂದಲಿನಂತಹ ಹಸಿರು ಪಾಚಿ ಬೆಳೆದು ನೀರಿನ ಸೆಳೆತಕ್ಕೆ ತೂಗಾಡತೊಡಗಿತು. ಅಣಬೆಯ ಆಕಾರದ ದೊಡ್ಡ ಹವಳವು ತನ್ನ ಎಳೆಗಳನ್ನೆಲ್ಲ ಒಳಕ್ಕೆ ಎಳೆದುಕೊಂಡು ಒದ್ದೆಯ ಚರ್ಮದ ತುಂಡಿನಂತೆ ಮುದುಡಿತು. ಚಪ್ಪಟೆಯಾದ ಚಿಕ್ಕ ಹವಳವೊಂದು ದಿನದಿನಕ್ಕೆ ಬಿಳಿಚಿಕೊಂಡಿತು. ಮೀನಿಗೆಂದು ಬಿಸ್ಕತ್ತಿನ ಚೂರು ಹಾಕುವ ಚಿಕ್ಕ ಮಕ್ಕಳ ಮೇಲೆ ನಾವು ಸಿಟ್ಟಾದೆವು. ಅದರಲ್ಲಿಯೂ ಸ್ವಲ್ಪ ಸತ್ಯವಿತ್ತು. ಅನಂತರ, ಪಾಚಿಗೆ ಬೆಳಕೇ ಕಾರಣವೆಂದು ಯಾರೋ ಹೇಳಿದ ಮಾತನ್ನು ಹಿಡಿದು, ದೀಪದ ಹೊತ್ತನ್ನು ಒಮ್ಮೆಲೇ ನಾಲ್ಕು ಗಂಟೆಗೆ ಇಳಿಸಿದೆವು. ಪಾಚಿ ಹೋಗಲಿಲ್ಲ, ಹವಳವು ಇನ್ನಷ್ಟು ಸೊರಗಿತು. ಕೊನೆಗೆ ತೊಟ್ಟಿ ಕೊಟ್ಟ ಹಳೆಯ ವಿದ್ಯಾರ್ಥಿಯನ್ನೇ ಕರೆಸಿದೆವು. ಅವರು ತೊಟ್ಟಿಯನ್ನೂ ನಮ್ಮ ದಿನಚರಿಯ ಪುಸ್ತಕವನ್ನೂ ನೋಡಿ, "ಸರ್, ನೀವು ಮೊದಲು ಇದಕ್ಕೆ ನಿದ್ರೆ ಕೊಡಲಿಲ್ಲ, ಆಮೇಲೆ ಊಟ ಕೊಡಲಿಲ್ಲ" ಎಂದರು. ಪಾಠ ಹೇಳಿಕೊಟ್ಟವರು ಪಾಠ ಹೇಳಿಸಿಕೊಂಡದ್ದಾಯಿತು. ಐದು ತುಂಡುಗಳಲ್ಲಿ ಬಿಳಿಚಿದ ಒಂದು ಉಳಿಯಲಿಲ್ಲ. ಉಳಿದ ನಾಲ್ಕು ಚೇತರಿಸಿಕೊಳ್ಳಲು ಎರಡು ತಿಂಗಳು ಹಿಡಿದವು.

ಅವರ ಮಾತಿನ ಅರ್ಥವಾಗಬೇಕಾದರೆ ಹವಳವೆಂದರೇನೆಂಬುದನ್ನು ಸ್ವಲ್ಪ ತಿಳಿಯಬೇಕು. ಅಜ್ಜಿಯ ಕೊರಳಿನ ಕೆಂಪು ಹವಳದ ಸರವನ್ನು ನಾವೆಲ್ಲ ನೋಡಿದ್ದೇವೆ. ಅದು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲೆಯ ಆಳದಲ್ಲಿ, ಬಂಡೆಯ ಸಂದುಗಳಲ್ಲಿ ಬೆಳೆಯುವ ಜಾತಿ. ಅದಕ್ಕೆ ಬಿಸಿಲಿನ ಹಂಗಿಲ್ಲ. ಲಕ್ಷದ್ವೀಪದ ಹವಳ ಹಾಗಲ್ಲ. ಅದೂ ಒಂದು ಪ್ರಾಣಿಯೇ. ಬಾಯಿಯ ಸುತ್ತ ಕುಡಿಗಳಿರುವ ಪಾಲಿಪ್ ಎಂಬ ಸಣ್ಣ ಜೀವಿಗಳ ಒಟ್ಟು ಸಂಸಾರ. ಆದರೆ ಅದರ ಮೈಯೊಳಗಿನ ಕಣಗಳಲ್ಲಿ ಬರಿಗಣ್ಣಿಗೆ ಕಾಣದ ಪಾಚಿಗಳು ವಾಸವಾಗಿವೆ. ಹವಳ ಬಿಡುವ ಇಂಗಾಲಾಮ್ಲವನ್ನೂ ಸಾರಜನಕದ ಕಸವನ್ನೂ ಪಾಚಿ ತೆಗೆದುಕೊಳ್ಳುತ್ತದೆ. ಬಿಸಿಲಿನ ಬಲದಿಂದ ಸಕ್ಕರೆ ಮೊದಲಾದುವನ್ನು ತಯಾರಿಸಿ ಮನೆಯ ಯಜಮಾನನಿಗೆ ಬಾಡಿಗೆಯಂತೆ ಕೊಡುತ್ತದೆ. ಒಳ್ಳೆಯ ಬೆಳಕಿನಲ್ಲಿ ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಈ ಬಾಡಿಗೆಯಿಂದಲೇ ಬರುತ್ತದೆ. ನಮ್ಮ ತೊಟ್ಟಿಯ ಮೃದು ಹವಳದ ಸಂಸಾರವೂ ಇದೇ ಬಗೆಯದು.

ಇದನ್ನು ಮನುಷ್ಯನು ಕಂಡುಕೊಂಡದ್ದು ನಿಧಾನವಾಗಿ. ೧೯೨೮-೨೯ರಲ್ಲಿ ಯಂಗ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಬ್ರಿಟನ್ನಿನ ತಂಡವೊಂದು ಆಸ್ಟ್ರೇಲಿಯಾದ ಮಹಾ ಹವಳ ದಿಬ್ಬದ ಒಂದು ಸಣ್ಣ ದ್ವೀಪದಲ್ಲಿ ಬೀಡುಬಿಟ್ಟಿತು. ಅವರು ಹವಳಗಳನ್ನು ಬೆಳಕು ಹೋಗದ ಪೆಟ್ಟಿಗೆಯಲ್ಲಿಟ್ಟು ನೋಡಿದಾಗ, ಅವು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡವು. ಪಾಚಿಯು ತಾನು ತಯಾರಿಸಿದ ವಸ್ತುವನ್ನು ನಿಜವಾಗಿಯೂ ಪ್ರಾಣಿಯ ಮೈಗೆ ಕೊಡುತ್ತದೆಂಬುದಕ್ಕೆ ನೇರವಾದ ಸಾಕ್ಷ್ಯವು ೧೯೫೮ರಲ್ಲಿ ದೊರೆಯಿತು. ಮಸ್ಕಟೈನ್ ಮತ್ತು ಹ್ಯಾಂಡ್ ಎಂಬವರು ಹವಳದ ಬಂಧುವಾದ ಕಡಲಹೂವಿನಲ್ಲಿ ವಿಕಿರಣಶೀಲ ಇಂಗಾಲವನ್ನು ಹಿಂಬಾಲಿಸಿ ಅದನ್ನು ತೋರಿಸಿಕೊಟ್ಟರು.

ಆದುದರಿಂದ ಹವಳದ ತೊಟ್ಟಿಯ ದೀಪವು ದೇವರ ಮುಂದಿನ ನಂದಾದೀಪದಂತಲ್ಲ. ಪ್ರದರ್ಶನದ ದೀಪವೂ ಅಲ್ಲ. ಅದು ಅನ್ನ. ಅನ್ನಕ್ಕೆ ಅಳತೆಯಿದೆ. ನಾಲ್ಕು ಗಂಟೆ ದೀಪ ಹಾಕಿದಾಗ ನಾವು ಅದನ್ನು ಉಪವಾಸ ಕೆಡವಿದೆವು. ಇದು ಯಾರಿಗಾದರೂ ಅರ್ಥವಾಗುವ ಮಾತು. ಹದಿನೈದು ಗಂಟೆ ಹಾಕಿದರೆ ಕೆಡುಕೇಕೆ? ಇಲ್ಲಿಯೇ ಹೆಚ್ಚಿನವರು ಎಡವುವುದು.

ಪಾಚಿಯ ದುಡಿಮೆಗೆ ಒಂದು ಮಿತಿಯಿದೆ. ಬೆಳಕು ಏರುತ್ತ ಹೋದಂತೆ ಅದರ ಉತ್ಪಾದನೆಯೂ ಏರುತ್ತದೆ. ಒಂದು ಹಂತದ ಮೇಲೆ ಎಷ್ಟು ಬೆಳಕು ಕೊಟ್ಟರೂ ಉತ್ಪಾದನೆ ಹೆಚ್ಚುವುದಿಲ್ಲ. ಮಿಕ್ಕ ಬೆಳಕು ಸುಮ್ಮನೆ ಕೂಡದೆ ಅಲ್ಲಿನ ಯಂತ್ರವನ್ನೇ ಸವೆಸುತ್ತದೆ. ಜೀವಕಣಕ್ಕೆ ಹಾನಿ ಮಾಡುವ ಉಗ್ರರೂಪದ ಆಮ್ಲಜನಕವನ್ನು ಹುಟ್ಟಿಸುತ್ತದೆ. ಸವೆದ ಭಾಗಗಳ ದುರಸ್ತಿ ನಡೆಯುತ್ತಲೇ ಇರುತ್ತದೆ. ಆದರೆ ಸವೆತವು ದುರಸ್ತಿಯನ್ನು ಮೀರಿದಾಗ ಹವಳವು ಪಾಚಿಯನ್ನು ಹೊರಗೆ ಹಾಕಿ ಬಿಳಿಚುತ್ತದೆ. ಸಮುದ್ರದಲ್ಲಿ ಇದಕ್ಕೆ ಮುಖ್ಯ ಕಾರಣ ನೀರಿನ ಬಿಸಿ. ತೀವ್ರವಾದ ಬೆಳಕು ಅದಕ್ಕೆ ಜೊತೆಯಾಗುತ್ತದೆ. ೧೯೯೮, ೨೦೧೦, ೨೦೧೬ ಈ ವರ್ಷಗಳಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳಿಚಿ ಬಹಳ ನಷ್ಟವಾಯಿತು. ನಮ್ಮ ತೊಟ್ಟಿಯಲ್ಲಿ ನೀರು ತಂಪಾಗಿಯೇ ಇತ್ತು. ಅತಿಬೆಳಕನ್ನು ನಾವೇ ಒದಗಿಸಿದೆವು.

ಲೆಕ್ಕವನ್ನು ಇಷ್ಟಪಡುವ ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಗಿಡಪಾಚಿಗಳಿಗೆ ಉಪಯೋಗವಾಗುವ ಬೆಳಕನ್ನು ಮೈಕ್ರೋಮೋಲ್ ಎಂಬ ಮಾನದಿಂದ ಅಳೆಯುತ್ತಾರೆ. ನಮ್ಮ ತೊಟ್ಟಿಯ ಬಂಡೆಯ ಮೇಲೆ ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು ೧೫೦ ಮೈಕ್ರೋಮೋಲ್ ಬೆಳಕು ಬೀಳುತ್ತದೆಂದು ಮಾಪಕದಿಂದ ತಿಳಿಯಿತು. ಗಂಟೆಗೆ ೩,೬೦೦ ಸೆಕೆಂಡುಗಳು. ಹತ್ತು ಗಂಟೆಗೆ ೧೫೦ × ೩,೬೦೦ × ೧೦. ಎಂದರೆ ೫೪ ಲಕ್ಷ ಮೈಕ್ರೋಮೋಲ್, ಅಥವಾ ೫.೪ ಮೋಲ್. ಹದಿನೈದು ಗಂಟೆಗೆ ಅದೇ ೮.೧ ಮೋಲ್. ದಿನದ ಊಟಕ್ಕೆ ಅರ್ಧಪಾಲು ಹೆಚ್ಚು ಬಡಿಸಿದಂತಾಯಿತು. ಅದನ್ನು ಉಣ್ಣಲಾರದೆ ಹವಳ ಬಳಲಿತು. ಉಂಡು ಕೊಬ್ಬಿದ್ದು ಕೂದಲಿನ ಪಾಚಿ. ವಿದ್ಯುತ್ತಿನ ಲೆಕ್ಕವನ್ನೂ ನೋಡಬಹುದು. ೯೦ ವಾಟಿನ ದೀಪ ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ ೨೭ ಯೂನಿಟ್ ತಿನ್ನುತ್ತದೆ. ಹದಿನೈದು ಗಂಟೆಯಾದರೆ ನಲವತ್ತು ಯೂನಿಟ್ ದಾಟುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹವಳದ ತವರೂರಿನಲ್ಲಿ ಹಗಲು ಎಷ್ಟು ದೀರ್ಘವೋ ಅಷ್ಟೇ ಹೊತ್ತು ದೀಪವಿರಲಿ. ಅದಕ್ಕೆ ಚರ್ಚೆಯೇಕೆ ಎಂದು ಹತ್ತನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ. ಪ್ರಶ್ನೆ ಚೆನ್ನಾದದ್ದು. ಲಕ್ಷದ್ವೀಪದಲ್ಲಿ ಚಳಿಗಾಲದ ಅತಿ ಚಿಕ್ಕ ಹಗಲು ಸುಮಾರು ಹನ್ನೊಂದೂವರೆ ಗಂಟೆ. ಬೇಸಗೆಯ ಅತಿ ದೊಡ್ಡ ಹಗಲು ಸುಮಾರು ಹನ್ನೆರಡೂ ಮುಕ್ಕಾಲು ಗಂಟೆ. ನಮ್ಮ ಮುಂಬಯಿಯಲ್ಲಿಯೂ ಹಗಲು ಹನ್ನೊಂದರಿಂದ ಹದಿಮೂರೂ ಕಾಲು ಗಂಟೆಯೊಳಗೇ ಓಡಾಡುತ್ತದೆ. ಹದಿನೈದು ಗಂಟೆಯ ಹಗಲನ್ನು ಆ ಹವಳದ ಕುಲದಲ್ಲಿ ಯಾವ ಪೂರ್ವಜವೂ ಕಂಡಿರಲಾರದು. ಹಾಗಾದರೆ ಹನ್ನೆರಡು ಗಂಟೆ ದೀಪ ಹಾಕಬಹುದಲ್ಲವೆ? ಹಾಕಬಹುದು, ಆದರೆ ಸೂರ್ಯನು ಗುಂಡಿ ಒತ್ತಿದಂತೆ ಮೂಡುವುದಿಲ್ಲವೆಂಬುದನ್ನು ಮರೆಯಬಾರದು. ಬೆಳಿಗ್ಗೆ ಅವನ ಕಿರಣಗಳು ಓರೆಯಾಗಿ ಬಿದ್ದು ನೀರಿನ ಮೇಲಿಂದಲೇ ಬಹಳಷ್ಟು ಜಾರಿಹೋಗುತ್ತವೆ. ನಡುಹಗಲಿನ ಕೆಲವು ಗಂಟೆ ಮಾತ್ರ ಬೆಳಕು ತುಂಬಿ ಇಳಿಯುತ್ತದೆ. ಸಂಜೆ ಮತ್ತೆ ಓರೆ. ನಮ್ಮ ದೀಪಕ್ಕೆ ಬೆಳಗೂ ಇಲ್ಲ, ಬೈಗೂ ಇಲ್ಲ. ಹಾಕಿದ ಗಳಿಗೆಯಿಂದ ಆರಿಸುವ ಗಳಿಗೆಯವರೆಗೆ ಮಟಮಟ ಮಧ್ಯಾಹ್ನ. ಆದುದರಿಂದ ಎಂಟು ಗಂಟೆಯ ಪೂರ್ಣ ಬೆಳಕು, ಅದರ ಎರಡೂ ತುದಿಗೆ ಏರುವ ಇಳಿಯುವ ಒಂದೊಂದು ಗಂಟೆ, ಹೀಗೆ ಒಟ್ಟು ಹತ್ತು ಗಂಟೆ ನಮ್ಮ ದೀಪಕ್ಕೂ ನಮ್ಮ ಹವಳಕ್ಕೂ ಸರಿಹೊಂದಿತು. ಎಲ್ಲ ತೊಟ್ಟಿಗಳಿಗೂ ಇದೇ ಅಳತೆಯೆಂದು ನಾವು ಸಾರುವುದಿಲ್ಲ. ದೀಪ ತೀಕ್ಷ್ಣವಾಗಿದ್ದರೆ ಹೊತ್ತು ಕಡಿಮೆ ಸಾಕು. ಮಂದವಾಗಿದ್ದರೆ ಸ್ವಲ್ಪ ಹೆಚ್ಚು ಬೇಕಾದೀತು. ಆದರೆ ಎಷ್ಟೇ ಮಂದವಾದ ದೀಪವಿದ್ದರೂ ಅದರ ಕೊರತೆಯನ್ನು ರಾತ್ರಿಯಿಂದ ಕಡ ತಂದು ತುಂಬಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಏಕೆಂದರೆ ಹವಳಕ್ಕೆ ರಾತ್ರಿಯಲ್ಲಿಯೂ ಕೆಲಸವಿದೆ. ಕತ್ತಲಾದ ಮೇಲೆ ಹಲವು ಜಾತಿಯ ಹವಳಗಳು ತಮ್ಮ ಕುಡಿಗಳನ್ನು ಪೂರ್ಣವಾಗಿ ಚಾಚಿ ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿಯುತ್ತವೆ. ಬೆಳಕು ಸಕ್ಕರೆಯನ್ನು ಕೊಟ್ಟೀತು. ಮೈ ಕಟ್ಟುವ ಸಾರಜನಕ ರಂಜಕಗಳಿಗೆ ಈ ಬೇಟೆಯೂ ಬೇಕು. ಮೀನುಗಳೂ ಕತ್ತಲೆಯಲ್ಲಿಯೇ ವಿಶ್ರಮಿಸುತ್ತವೆ. ಗಿಳಿಮೀನಿನ ಕೆಲವು ಜಾತಿಗಳು ರಾತ್ರಿ ತಮ್ಮ ಸುತ್ತ ಲೋಳೆಯ ಚೀಲವನ್ನೇ ನೇಯ್ದುಕೊಂಡು ಅದರೊಳಗೆ ಮಲಗುತ್ತವೆ. ಇನ್ನು ಹವಳದ ಸಂತಾನವಂತೂ ಚಂದ್ರನ ಪಂಚಾಂಗವನ್ನೇ ನಂಬಿದೆ. ಆಸ್ಟ್ರೇಲಿಯಾದ ದಿಬ್ಬದಲ್ಲಿ ವರ್ಷಕ್ಕೊಮ್ಮೆ, ವಸಂತದ ಕೊನೆಯ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ, ಅನೇಕ ಜಾತಿಯ ಹವಳಗಳು ಒಟ್ಟಿಗೆ ಅಂಡ ರೇತಸ್ಸುಗಳನ್ನು ನೀರಿಗೆ ಬಿಡುತ್ತವೆ. ಇದು ವಿಜ್ಞಾನಿಗಳ ಗಮನಕ್ಕೆ ಬಂದದ್ದು ೧೯೮೦ರ ದಶಕದ ಮೊದಲ ವರ್ಷಗಳಲ್ಲಿ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದವರು ಆ ದಿಬ್ಬದ ಹಗಲಿನ ಉದ್ದ, ಚಂದ್ರನ ವೃದ್ಧಿಕ್ಷಯ, ನೀರಿನ ಋತುಮಾನದ ಬಿಸಿ ಇವುಗಳನ್ನೆಲ್ಲ ತೊಟ್ಟಿಯೊಳಗೆ ಅನುಸರಿಸಿ ಹವಳಗಳು ಅಲ್ಲಿಯೇ ಸಂತಾನಕ್ಕೆ ತೊಡಗುವಂತೆ ಮಾಡಿದರು. ಅದರ ವಿವರವನ್ನು ೨೦೧೭ರಲ್ಲಿ ಪ್ರಕಟಿಸಿದರು. ಅವರ ಗೆಲುವಿನಲ್ಲಿ ದೀಪವನ್ನು ಉರಿಸಿದ್ದಕ್ಕೆ ಎಷ್ಟು ಪಾಲಿದೆಯೋ ಆರಿಸಿದ್ದಕ್ಕೂ ಅಷ್ಟೇ ಪಾಲಿದೆ.

ಹಾಗಿದ್ದರೆ ರಾತ್ರಿಯಿಡೀ ನೀಲಿಯ ಸಣ್ಣ ದೀಪವೊಂದನ್ನು ಬೆಳದಿಂಗಳೆಂದು ಹಚ್ಚಿಡಬಾರದೆ ಎಂದು ಕೆಲವರು ಕೇಳಿದರು. ಬೆಳದಿಂಗಳೆಂದರೆ ಎಷ್ಟು ಬೆಳಕು? ಹುಣ್ಣಿಮೆಯ ಚಂದ್ರನ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದ ಒಂದು ಭಾಗ. ಅದೂ ತಿಂಗಳಿಗೆ ಒಮ್ಮೆ. ಅಂಗಡಿಯಲ್ಲಿ ಸಿಗುವ ನೀಲಿಯ ದೀಪ ಅದಕ್ಕಿಂತ ಬಹಳ ಪ್ರಖರವಾದದ್ದು, ನಿತ್ಯವೂ ಹುಣ್ಣಿಮೆ. ನಿತ್ಯ ಹಬ್ಬ ಮಾಡುವವರ ಮನೆಯಲ್ಲಿ ಯಾವ ದಿನ ಹಬ್ಬವೆಂಬುದೇ ತಿಳಿಯದೆ ಹೋಗುತ್ತದೆ. ದಡದ ನಗರಗಳ ಬೆಳಕಿನಿಂದ ಸಮುದ್ರದ ಹವಳಗಳಿಗೂ ಹೀಗೆಯೇ ಆಗಿದೆ. ೨೦೨೩ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ರಾತ್ರಿಯ ಕೃತಕ ಬೆಳಕು ಬೀಳುವ ಕಡೆಗಳಲ್ಲಿ ಹವಳಗಳು ಸಂತಾನಕ್ಕೆ ತೊಡಗುವ ದಿನವು ಒಂದರಿಂದ ಮೂರು ದಿನಗಳಷ್ಟು ಹುಣ್ಣಿಮೆಯ ಸಮೀಪಕ್ಕೆ ಸರಿದಿದೆ. ನೆರೆಹೊರೆಯವರೆಲ್ಲ ಒಂದೇ ರಾತ್ರಿ ಕೂಡಬೇಕಾದ ಕಾರ್ಯದಲ್ಲಿ ಮೂರು ದಿನಗಳ ವ್ಯತ್ಯಾಸ ಅಲ್ಪವಲ್ಲ.

ನ್ಯಾಯಕ್ಕಾಗಿ ಎದುರು ಪಕ್ಷದ ಒಂದು ಬಲವಾದ ಮಾತನ್ನೂ ಹೇಳಬೇಕು. ದೀಪ ಆರಿದ ಮೇಲೆ ಪಾಚಿಯ ದುಡಿಮೆ ನಿಲ್ಲುತ್ತದೆ. ತೊಟ್ಟಿಯ ಜೀವಿಗಳೆಲ್ಲ ಉಸಿರಾಡಿ ಇಂಗಾಲಾಮ್ಲವನ್ನು ಬಿಡುತ್ತವೆ. ಹಗಲಿನಲ್ಲಿ ೮.೩ರಷ್ಟಿದ್ದ ನೀರಿನ ಪಿಎಚ್ ಕತ್ತಲೆಯ ಕೊನೆಗೆ ೮.೦ಕ್ಕೆ ಇಳಿಯುವುದುಂಟು. ಸಣ್ಣ ತೊಟ್ಟಿಗೆ ಇದು ಒಳ್ಳೆಯದಲ್ಲ ನಿಜ. ಆದರೆ ಇದಕ್ಕಾಗಿ ಹವಳದ ನಿದ್ರೆ ಕೆಡಿಸಬೇಕಾಗಿಲ್ಲ. ಬಲ್ಲವರು ಪಕ್ಕದ ಚಿಕ್ಕ ಕೋಣೆಯಲ್ಲಿ ಬೇರೆ ಜಾತಿಯ ಪಾಚಿಯನ್ನು ಬೆಳೆಸಿ ಅದಕ್ಕೆ ರಾತ್ರಿಯ ಹೊತ್ತು ದೀಪ ಹಾಕುತ್ತಾರೆ. ಒಬ್ಬರು ಮಲಗಿರುವಾಗ ಇನ್ನೊಬ್ಬರು ದುಡಿಯುತ್ತಾರೆ. ಪಾಳಿಯ ಪದ್ಧತಿ ಮುಂಬಯಿಯವರಿಗೆ ಹೊಸದಲ್ಲ.

ಈಗ ಮುಖ್ಯವಾದ ಪ್ರಶ್ನೆಗೆ ಬರುತ್ತೇವೆ. ಹತ್ತು ಗಂಟೆಯೆಂದು ಗೊತ್ತಾಯಿತು. ಯಾವ ಹತ್ತು ಗಂಟೆ? ಬೆಳಗಿನ ಪಾಳಿಯವರು, ತಮ್ಮ ಸಂಖ್ಯೆಯೇ ಹೆಚ್ಚಾದುದರಿಂದ ಏಳರಿಂದ ಐದರ ವರೆಗೆ ದೀಪವಿರಬೇಕೆಂದು ಮನವಿ ಕೊಟ್ಟರು. ಆ ಮನವಿಯನ್ನು ಒಪ್ಪಿದ್ದರೆ ರಾತ್ರಿ ಶಾಲೆಯವರ ಪಾಲಿಗೆ ಕಪ್ಪು ಗಾಜು ಮಾತ್ರ ಉಳಿಯುತ್ತಿತ್ತು. ಅವರಲ್ಲಿ ಹೆಚ್ಚಿನವರು ಹಗಲೆಲ್ಲ ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದು ಬರುವ ತರುಣರು. ಅವರಲ್ಲೊಬ್ಬನು, ಹತ್ತೊಂಬತ್ತು ವರ್ಷದವನು, ನಮ್ಮ ಬಳಿಗೆ ಬಂದು, "ಸರ್, ಈ ಊರಿಗೆ ಬಂದು ಮೂರು ವರ್ಷವಾಯಿತು. ಸಮುದ್ರವನ್ನು ನಾನು ಹಗಲಿನಲ್ಲಿ ನೋಡಿದ್ದು ಎರಡು ಸಲ. ಇದನ್ನಾದರೂ ನೋಡುವಂತಿರಲಿ" ಎಂದ. ಇದಕ್ಕೆ ಉತ್ತರ ಕೊಡುವುದು ನಮಗೆ ಕಷ್ಟವಾಯಿತು. ಎಲ್ಲರಿಗೂ ಸಮಪಾಲು ಸಿಗಲಿ ಎಂದು ಹದಿನೈದು ಗಂಟೆಯ ಹಳೆಯ ಏರ್ಪಾಡಿಗೇ ಮರಳೋಣವೆಂಬ ಸಲಹೆಯೂ ಆಗ ಹುಟ್ಟಿತು.

ಆ ಸಲಹೆಯನ್ನು ಒಪ್ಪದವನು ಅದೇ ತರುಣ. ತೊಟ್ಟಿಗೆ ಆದದ್ದನ್ನು ನಾವು ವಿವರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬೇಡ ಸರ್. ನಾವು ಮಲಗುವುದು ಹನ್ನೆರಡಕ್ಕೆ, ಏಳುವುದು ಐದಕ್ಕೆ. ನಿದ್ದೆಯಿಲ್ಲದಿದ್ದರೆ ಹೇಗಾಗುತ್ತದೆಂದು ನಮಗೆ ಗೊತ್ತಿದೆ" ಎಂದ. ಹಕ್ಕಿಗಾಗಿ ಬಂದವನು ತನ್ನ ಹಕ್ಕನ್ನು ಬಿಟ್ಟುಕೊಡಲು ಸಿದ್ಧನಾದನು. ಆದರೆ ಅವನು ಬಿಟ್ಟುಕೊಟ್ಟನೆಂಬುದನ್ನೇ ನೆಪ ಮಾಡಿಕೊಂಡು ಅವನ ಪಾಲನ್ನು ಉಳಿದವರು ಹಂಚಿಕೊಳ್ಳುವುದು ನ್ಯಾಯವಲ್ಲವೆಂದು ನಮಗೆ ಆಗಲೂ ತೋರಿತು, ಈಗಲೂ ತೋರುತ್ತದೆ.

ಇನ್ನೊಂದು ಸಲಹೆ ಜಾಣತನದ್ದಾಗಿತ್ತು. ಒಂದು ವಾರ ಬೆಳಗಿನವರಿಗೆ, ಒಂದು ವಾರ ಮಧ್ಯಾಹ್ನದವರಿಗೆ, ಒಂದು ವಾರ ರಾತ್ರಿಯವರಿಗೆ ದೀಪವು ಸರದಿಯಿಂದ ತಿರುಗಲಿ ಎಂಬುದು. ಕೇಳಲು ಸಮಾನತೆಯೇ ಸರಿ. ಆದರೆ ನಿಮ್ಮಲ್ಲಿ ಯಾರ ತಂದೆಯವರು ಪಾಳಿಯ ಕೆಲಸದಲ್ಲಿರುವರೋ ಅವರನ್ನು ಕೇಳಿರಿ. ಪಾಳಿ ಬದಲಾದ ವಾರದಲ್ಲಿ ನಿದ್ರೆ ಹತ್ತುವುದಿಲ್ಲ, ಅನ್ನ ಸೇರುವುದಿಲ್ಲ. ಹವಳದ ಮೈಯಲ್ಲಿಯೂ ಹಗಲಿರುಳುಗಳ ಗಡಿಯಾರವೊಂದಿದೆ. ಅದನ್ನು ಒಮ್ಮೆ ನಿಧಾನವಾಗಿ ತಿರುಗಿಸಿಟ್ಟರೆ ಹೊಂದಿಕೊಳ್ಳುತ್ತದೆ. ವಾರವಾರವೂ ತಿರುಗಿಸುತ್ತಿದ್ದರೆ ಗಡಿಯಾರವೇ ಕೆಡುತ್ತದೆ.

ಈ ಮಾತಿನಲ್ಲಿಯೇ ನಮಗೆ ದಾರಿ ಕಂಡಿತು. ಹಗಲಿನ ಉದ್ದವನ್ನು ಹಿಗ್ಗಿಸುವ ಅಧಿಕಾರ ನಮಗಿಲ್ಲ. ಆದರೆ ತೊಟ್ಟಿಯ ಸೂರ್ಯೋದಯವನ್ನು ಎಲ್ಲಿಡಬೇಕೆಂಬುದು ನಮ್ಮ ಕೈಯಲ್ಲಿದೆ. ಮೊಗಸಾಲೆಗೆ ನೇರವಾದ ಬಿಸಿಲು ಬರುವುದಿಲ್ಲ. ಬೆಳಗಿನಲ್ಲಿ ತೊಟ್ಟಿಗೆ ಒಂದು ಬಟ್ಟೆ ಹೊದಿಸಿದರೆ ಅದರ ರಾತ್ರಿಗೆ ಭಂಗವಿಲ್ಲ. ದಿನಕ್ಕೆ ಕಾಲು ಗಂಟೆಯಂತೆ ಹೊತ್ತನ್ನು ಸರಿಸುತ್ತ ಬಂದು, ಈಗ ಟೈಮರಿನ ಸಹಾಯದಿಂದ ಹನ್ನೊಂದೂವರೆಗೆ ದೀಪ ಮಂದವಾಗಿ ಮೂಡುತ್ತದೆ, ಹನ್ನೆರಡೂವರೆಗೆ ಪೂರ್ಣವಾಗುತ್ತದೆ, ರಾತ್ರಿ ಎಂಟೂವರೆಯಿಂದ ಇಳಿಯುತ್ತ ಒಂಬತ್ತೂವರೆಗೆ ಆರುತ್ತದೆ. ಬೆಳಗಿನ ಪಾಳಿಯವರಿಗೆ ಅರುಣೋದಯ, ಮಧ್ಯಾಹ್ನದವರಿಗೆ ನಡುಹಗಲು, ರಾತ್ರಿ ಶಾಲೆಯವರಿಗೆ ಹಗಲಿನ ಕೊನೆ ಮತ್ತು ಸಂಜೆ ದೊರೆತವು.

ಬೆಳಗಿನ ಪಾಳಿಯವರಲ್ಲಿ ಇದರಿಂದ ಅಸಮಾಧಾನವಿದೆಯೆಂಬುದು ನಮಗೆ ಗೊತ್ತು. ಹೊಸ ವರ್ಷದಲ್ಲಿ ಈ ಏರ್ಪಾಡನ್ನು ಬದಲಿಸಬೇಕೆಂದು ಅವರು ಮತ್ತೆ ಮನವಿ ಕೊಡುವವರಿದ್ದಾರೆ. ಅವರಿಗೆ ಒಂದೇ ಗಂಟೆ ಉಳಿದಿದೆಯೆಂಬುದು ನಿಜ. ಆದರೆ ಅವರಿಗೆ ದೊರೆತಿರುವ ಇನ್ನೊಂದು ಭಾಗ್ಯವನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ಅವರ ಹೊತ್ತು ತೊಟ್ಟಿಗೆ ರಾತ್ರಿಯ ಹೊತ್ತು. ವಾರಕ್ಕೊಮ್ಮೆ ಹತ್ತು ಜನರ ಗುಂಪು ಕೆಂಪು ಕಾಗದ ಸುತ್ತಿದ ಬ್ಯಾಟರಿಯೊಡನೆ ಬಟ್ಟೆಯ ಅಂಚನ್ನು ಸರಿಸಿ ಒಳಗೆ ನೋಡಬಹುದು. ನೀರಿನ ಆಳಕ್ಕೆ ಕೆಂಪು ಬೆಳಕು ಹೆಚ್ಚಾಗಿ ಇಳಿಯುವುದಿಲ್ಲವಾದ್ದರಿಂದ ಅಲ್ಲಿನ ಜೀವಿಗಳನ್ನು ಅದು ಅಷ್ಟಾಗಿ ಕಾಡುವುದಿಲ್ಲ. ಎರಡು ಮೀನುಗಳು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ರೆಕ್ಕೆಯನ್ನು ಮಾತ್ರ ಅಲುಗಿಸುತ್ತಿರುವುದೂ, ಬಂಡೆಯ ಸಂದಿನಿಂದ ಹಗಲಿನಲ್ಲಿ ಯಾರೂ ಕಾಣದ ಹುಳುಗಳು ಹೊರಬರುವುದೂ ಆಗ ಕಾಣುತ್ತವೆ. ಉಳಿದ ಎರಡು ಪಾಳಿಯವರು ಇದನ್ನು ಎಂದಿಗೂ ನೋಡಲಾರರು.

ತೊಟ್ಟಿಯ ವಿಷಯವಾಗಿ ಇಷ್ಟೊಂದು ಬರೆಯಬೇಕಾಗಿತ್ತೆ ಎಂದು ಕೆಲವರು ಕೇಳಬಹುದು. ಹವಳವು ನಮಗೆ ಅಷ್ಟು ದೂರದ್ದಲ್ಲ. ಕರ್ನಾಟಕದ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಈ ಮುಂಬಯಿಯ ದಡದ ಬಂಡೆಗಳ ಮೇಲೆಯೂ ಇವೆ. ಕರಾವಳಿ ರಸ್ತೆಯ ಕಾಮಗಾರಿಗಾಗಿ ೨೦೨೦ರಲ್ಲಿ ವರ್ಳಿ ಮತ್ತು ಹಾಜಿ ಅಲಿಯ ಹವಳದ ಸಮೂಹಗಳನ್ನು ಎಬ್ಬಿಸಿ ಬೇರೆಡೆಗೆ ಸಾಗಿಸಬೇಕಾಯಿತು. ದಿನವೂ ಬಸ್ಸಿನಲ್ಲಿ ಆ ದಾರಿಯಿಂದ ಬರುವ ನಮ್ಮಲ್ಲಿ ಅಲ್ಲಿ ಹವಳವಿತ್ತೆಂದು ಬಲ್ಲವರು ಎಷ್ಟು ಮಂದಿ? ನಮ್ಮ ನಗರದ ಬೆಳಕು ಎಷ್ಟು ದೂರ ಬೀಳುತ್ತದೆ, ಯಾರ ರಾತ್ರಿಯನ್ನು ಕೆಡಿಸುತ್ತದೆ ಎಂಬುದನ್ನು ಯೋಚಿಸಲು ನಾಲ್ಕು ಅಡಿಯ ಗಾಜಿನ ತೊಟ್ಟಿ ಒಳ್ಳೆಯ ಪಾಠಶಾಲೆ.

ನೋಡುವವನಿಗೆ ಕಾಣಬೇಕೆಂಬ ಆಸೆ ಸಹಜವಾದದ್ದು. ಅದನ್ನು ನಾವು ಹಳಿಯುವುದಿಲ್ಲ. ಆದರೆ ತೊಟ್ಟಿಯ ಬೆಳಕು ಮೊದಲು ಸೇರಬೇಕಾದದ್ದು ಅದರೊಳಗೆ ಬಾಳುವವರಿಗೆ. ಅನಂತರ ಹೊರಗೆ ನಿಂತು ನೋಡುವವರಿಗೆ. ಹೊರಗೆ ನಿಂತವರು ಮೂರು ಪಾಳಿಯವರಾದರೆ ಅವರು ತಮ್ಮ ನಡುವೆ ಹಂಚಿಕೊಳ್ಳಬೇಕಾದದ್ದು ಹವಳದ ಹಗಲನ್ನೇ ಹೊರತು ಅದರ ರಾತ್ರಿಯನ್ನಲ್ಲ. ಹೊಸ ವರ್ಷದ ಸಭೆಯಲ್ಲಿ ಕೈ ಎತ್ತುವ ಮೊದಲು ವಿದ್ಯಾರ್ಥಿ ಮಿತ್ರರು ಇಷ್ಟನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ವಿನಂತಿ. ಉಳಿದುದನ್ನು ಅವರ ವಿವೇಕಕ್ಕೆ ಬಿಡುತ್ತೇವೆ.

ಈಗ ಪ್ರತಿರಾತ್ರಿ ಒಂಬತ್ತೂವರೆಗೆ ರಾತ್ರಿ ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ತೊಟ್ಟಿಯ ದೀಪ ತಾನಾಗಿಯೇ ಶಾಂತವಾಗುತ್ತದೆ. ಕೈಚೀಲ ಹಿಡಿದ ತರುಣರು ಒಂದು ಗಳಿಗೆ ನಿಂತು ನೋಡಿ, ರೈಲು ಹಿಡಿಯಲು ಓಡುತ್ತಾರೆ.